ಎಡಗೈಗೆ ತಿರುಗಿದ ಮೌಸುಗಳು

ದೆವ್ವ, ಮಾಟ, ಶಾಪ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ಅಂಥ ಮಾತಿಗೆ ಸಿಡುಕುತ್ತೇನೆ. ಆದರೆ ಚಾಮರಾಜಪೇಟೆಯ ಆ ಭಾನುವಾರದ ವಿಷಯ ಕೇಳಿ ಯಾರಾದರೂ ‘ವೈರಸ್ ಇರಬೇಕು ಬಿಡಿ’ ಎಂದು ನಕ್ಕರೆ ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ಮಹಡಿ ಮೇಲಿನ ಒಂದು ಅಂಗಡಿಯಲ್ಲಿ ನಾನು ಮತ್ತು ರಘು ಕಂಪ್ಯೂಟರ್ ಜೋಡಿಸುತ್ತಿದ್ದೆವು. ಜೋಡಿಸುವುದು ಬೇಗ ಆಗುತ್ತಿತ್ತು, ಒಂದೊಂದಕ್ಕೂ ಸಿ.ಡಿ. ಹಾಕಿ ಆಪರೇಟಿಂಗ್ ಸಿಸ್ಟಮ್ ತುಂಬಿಸುವುದರಲ್ಲೇ ಜೀವ ಹೋಗುತ್ತಿತ್ತು. ರಘು ಒಂದು ದಾರಿ ಹುಡುಕಿದ. ಒಂದು ಹಾರ್ಡ್ ಡಿಸ್ಕನ್ನು ಪೂರ್ತಿ ಸಿದ್ಧಮಾಡಿಟ್ಟುಕೊಂಡು, ಅದನ್ನೇ ಉಳಿದ ಡಿಸ್ಕುಗಳಿಗೆ ನಕಲು ಮಾಡುವುದು. ಇಡೀ ದಿನದ ಕೆಲಸ ಊಟದ ಹೊತ್ತಿಗೆ ಮುಗಿಯತೊಡಗಿತು.

ಕಾಲೇಜಿನವರೊಬ್ಬರು ಲ್ಯಾಬಿಗಾಗಿ ದೊಡ್ಡ ಆರ್ಡರ್ ಕೊಡಲು ಬಂದಾಗ ಯಜಮಾನರು, “ಇದು ನಮ್ಮ ಅಳಿಯನ ಐಡಿಯಾ” ಎಂದುಬಿಟ್ಟರು. ರಘು ಅಲ್ಲೇ, “ಸಾರ್, ಅದು ನಾನು ಮಾಡಿದ್ದು” ಎಂದ. ಮರುದಿನವೇ ಒಂದು ಹಾರ್ಡ್ ಡಿಸ್ಕ್ ಕಾಣುತ್ತಿಲ್ಲವೆಂದು ಗುಲ್ಲೆಬ್ಬಿಸಿ, ಕಳ್ಳ ಎಂದು ಎಲ್ಲರೆದುರು ಬೈದು ಅವನನ್ನು ಹೊರಗೆ ಹಾಕಿದರು. ನಾನು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಅವನು ಮುಟ್ಟಿದ್ದು ಯಾವ್ದೂ ಬೇಡ. ಹೊಸದಾಗಿ ಮಾಡಮ್ಮ” ಎಂದರು ಯಜಮಾನರು.

ಭಾನುವಾರ ಬೆಳಿಗ್ಗೆ ಹೊಸ ಡಿಸ್ಕಿನ ಪ್ಯಾಕು ಒಡೆದು ನಾನೇ ಎಲ್ಲ ತುಂಬಿಸಿದೆ. ಸರಿಯಾಗಿತ್ತು. ಹತ್ತು ಯಂತ್ರಗಳಿಗೆ ನಕಲು ಮಾಡಿ ಆನ್ ಮಾಡಿದೆ. ಮೊದಲನೆಯದರಲ್ಲಿ ಮೌಸಿನ ಎಡಗಡೆ ಬಟನ್ ಒತ್ತಿದರೆ ಬಲಗಡೆ ಬಟನ್ನಿಗೆ ಬರಬೇಕಾದ ಮೆನು ತೆರೆಯಿತು. ಎರಡನೆಯದರಲ್ಲೂ ಹಾಗೇ. ಹತ್ತರಲ್ಲೂ ಬಟನ್‌ಗಳು ಅದಲುಬದಲು. ಎಡಗೈಯವರು ಮೌಸನ್ನು ಹಾಗೆ ಇಟ್ಟುಕೊಳ್ಳುತ್ತಾರೆ. ರಘು ಎಡಚ.

ಮೂಲ ಡಿಸ್ಕನ್ನು ಮತ್ತೆ ನೋಡಿದೆ. ಅದರಲ್ಲಿ ಏನೂ ತಪ್ಪಿರಲಿಲ್ಲ. ನಕಲುಗಳನ್ನು ಒಂದೊಂದಾಗಿ ಸರಿಪಡಿಸಿದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಎಡಗೈ. ಮಟಮಟ ಮಧ್ಯಾಹ್ನ, ಕೆಳಗೆ ರಸ್ತೆಯಲ್ಲಿ ಕ್ರಿಕೆಟ್ ಗಲಾಟೆ. ನಾನು ಕುರ್ಚಿಯನ್ನು ಯಂತ್ರಗಳಿಂದ ಹಿಂದಕ್ಕೆ ಸರಿಸಿಕೊಂಡೆ.

ಯಜಮಾನರು ಬಂದು ಒಂದರಲ್ಲಿ ಒತ್ತಿ ನೋಡಿದರು. ಮುಖ ಬಿಳಿಚಿಕೊಂಡಿತು. “ನೀನೇ ಮಾಡಿರೋದು, ಅವನ ಪರವಾಗಿ!”

“ನಾನಲ್ಲ ಸಾರ್. ಆದ್ರೆ ಅವನನ್ನ ಕರೆಸಿ, ಕಳ್ಳ ಅಂದಿದ್ದನ್ನ ವಾಪಸ್ ತಗೊಳ್ಳಿ.”

“ಬಾಯಿ ಮುಚ್ಚು.”

ಎಲ್ಲ ಅಳಿಸಿ ಪುನಃ ಮಾಡಿಸಿದರು. ಪುನಃ ಅದೇ. ಕೊನೆಗೆ ಒಂದೊಂದಕ್ಕೂ ಸಿ.ಡಿ. ಹಾಕಿಯೇ ಆರ್ಡರ್ ಮುಗಿಸಿದೆವು. ಅವೆಲ್ಲ ಸರಿಯಾಗಿ ನಡೆದವು. ನಾನು ಕೆಲಸ ಬಿಟ್ಟೆ. ರಘು ಅಷ್ಟರಲ್ಲಿ ಎಸ್.ಪಿ. ರಸ್ತೆಯ ಬೇರೊಂದು ಅಂಗಡಿ ಸೇರಿದ್ದ. ಅಲ್ಲಿ ಅವನು ನಕಲು ಮಾಡಿದ ಯಾವ ಯಂತ್ರದಲ್ಲೂ ಹೀಗಾಗಿರಲಿಲ್ಲ. ನಾನು ಹೇಳಿದ್ದು ಕೇಳಿ ಅವನು ನಗಲಿಲ್ಲ.

“ಆಮೇಲೆ ಆ ಮೆಟ್ಟಿಲು ಹತ್ತೇ ಇಲ್ಲ ಕಣೇ ನಾನು” ಎಂದ.

ಕೆಲವು ವರ್ಷಗಳಾದ ಮೇಲೆ ಗಾಂಧಿ ಬಜಾರಿನಲ್ಲಿ ಯಜಮಾನರು ಎದುರಾದರು. ಕ್ಷೇಮ ಸಮಾಚಾರವೂ ಇಲ್ಲ. “ಅವತ್ತು ಏನ್ ಮಾಡಿದ್ದೆ ಅಂತ ಈಗ್ಲಾದ್ರೂ ಹೇಳಮ್ಮ. ಇನ್ನೂ ತಲೇಲಿ ಕೊರೀತಿದೆ.”

ನನಗೆ ಮೈಯೆಲ್ಲ ಉರಿಯಿತು. “ಮೊದ್ಲು ರಘು ಹತ್ರ ಕ್ಷಮೆ ಕೇಳಿ. ಆಮೇಲೆ ಹೇಳ್ತೀನಿ” ಎಂದೆ.

ಅವರು ತರಕಾರಿ ಚೀಲ ಎತ್ತಿಕೊಂಡು ಸರಸರನೆ ಹೊರಟುಹೋದರು. ಒಂದು ವೇಳೆ ಕ್ಷಮೆ ಕೇಳಿ ಹಿಂತಿರುಗಿ ಬಂದಿದ್ದರೆ, ಅವರಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.