ಓದಿ ವಿವರಿಸಲಾಗಿದೆ

ಇಂಗ್ಲಿಷಿನಲ್ಲಿ ಟೈಪು ಮಾಡಿಬಿಟ್ಟರೆ ಎಂಥ ಅನ್ಯಾಯಕ್ಕೂ ಒಂದು ಗತ್ತು ಬಂದುಬಿಡುತ್ತದೆ. ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ನಾನು ಬಂಗಾರಪೇಟೆಯ ವಕೀಲರೊಬ್ಬರ ಹತ್ತಿರ ಆ ಟೈಪಿನ ಕೆಲಸವನ್ನೇ ಮಾಡುತ್ತಿದ್ದೆ. ಒಂದು ದಿನ ಮುನಿಯಮ್ಮ ಎಂಬಾಕೆಯನ್ನು ಅವಳ ಮೈದುನ ಕರೆತಂದ. ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಅವಳ ಗಂಡ ತೀರಿಕೊಂಡು ಇನ್ನೂ ತಿಂಗಳಾಗಿತ್ತಷ್ಟೆ. ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿಟ್ಟಿದ್ದ ಪತ್ರವನ್ನು ಅವಳ ಮುಂದಿಟ್ಟು, ಬಂದ ಕೂಡಲೇ ಹೆಬ್ಬೆರಳಿಗೆ ಮಸಿ ಬಳಿದದ್ದೂ ಆಯಿತು.

“ಇದ್ರಲ್ಲಿ ಏನೈತೆ ಸಾಮಿ?” ಎಂದಳು.

“ಎಲ್ಲಾ ಕಾನೂನು ಪ್ರಕಾರ ಇದೆ, ಒತ್ತಮ್ಮ,” ಎಂದರು ವಕೀಲರು.

ನನಗೆ ಮೈಯೆಲ್ಲ ಉರಿದುಹೋಯಿತು. “ಗಂಡನ ಪಾಲಿನ ಹೊಲ ನಿನಗೆ ಬೇಡವಂತೆ, ಮೈದುನನಿಗೇ ಸೇರಬೇಕಂತೆ. ಮುಂದೆ ಯಾವತ್ತೂ ನೀನು ಕೇಳೋ ಹಾಗಿಲ್ಲ, ಹಾಗಂತ ಇದೆ ಕಣಮ್ಮ,” ಎಂದೆ.

“ಕಡೇಲಿ ಏನೈತೆ?”

“ಇದನ್ನೆಲ್ಲ ನಿನಗೆ ಕನ್ನಡದಲ್ಲಿ ಓದಿ ವಿವರಿಸಿದ್ದಾರೆ, ನೀನು ಅರ್ಥ ಮಾಡಿಕೊಂಡು ಒಪ್ಪಿದ್ದೀಯ ಅಂತ.”

ಅವಳು ಮಸಿಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. “ಈಗ ಅರ್ತ ಆಯ್ತು ಸಾಮಿ. ಅದುಕ್ಕೇ ಒಪ್ಪಲ್ಲ.”

ಅವಳು ಅತ್ತ ಹೋದದ್ದೇ ತಡ, ವಕೀಲರು ನನ್ನ ಮೇಲೆ ಹರಿಹಾಯ್ದರು. “ವಿವರಿಸು ಅಂತ ನಿನಗೆ ಯಾರಯ್ಯಾ ಹೇಳಿದ್ದು?”

“ವಿವರಿಸಿದ್ದಾಗಿದೆ ಅಂತ ಬರೆಸಿದವರು ನೀವೇ ಅಲ್ವಾ ಸಾರ್?” ಎಂದೆ.

ಆ ಕಡೆಯ ಸಾಲನ್ನು ಅದೆಷ್ಟು ಪತ್ರಗಳಲ್ಲಿ ಕುಟ್ಟಿದ್ದೆನೋ. ಅದು ನಿಜವಾದದ್ದು ಆ ಒಂದೇ ಪತ್ರದಲ್ಲಿ. ಹೆಬ್ಬೆಟ್ಟು ಬೀಳದೆ ಹೋದದ್ದೂ ಅದೊಂದಕ್ಕೇ.