ಹಳಿ ಬಾರದ ಏರಿಗೆ ಕಾವಲು

"ಇಳಿಸೋ ಮಣ್ಣನ್ನ! ಇದೇನು ನಿಮ್ಮಪ್ಪ ಹಾಕಿಸಿದ ಏರಿನಾ?"

"ನಿಮ್ಮಪ್ಪಾನೂ ಹಾಕಿಸಿಲ್ವಲ್ಲ, ಬಿಡಣ್ಣ! ಇದರ ಮೇಲೆ ರೈಲು ಬರೋ ಹೊತ್ತಿಗೆ ನನ್ನ ಮೊಮ್ಮಕ್ಳು ಮುದುಕರಾಗಿರ್ತಾರೆ."

"ಆಗ್ಲಿ, ಅವರಾದ್ರೂ ಹತ್ಕೊಂಡು ಹೋಗ್ಲಿ. ಮೊದ್ಲು ಇಳಿಸು!"

ಬೆಳಕು ಹರಿಯುವ ಮುನ್ನವೇ ಜಗಳ. ಟ್ರ್ಯಾಕ್ಟರಿನ ಮುಂದೆ ಗೂಟದಂತೆ ನಿಂತವರು ಈ ಸಣ್ಣ ಸ್ಟೇಷನ್ನಿನಲ್ಲಿ ರೈಲಿನ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್. ಊರವರ ಬಾಯಲ್ಲಿ ಏರಿಯಣ್ಣ. ಏರಿಯ ಮಣ್ಣು ಕದ್ದೊಯ್ಯಲು ಬಂದ ಇಟ್ಟಿಗೆ ಗೂಡಿನವನು ಗೊಣಗುತ್ತಲೇ ಮಣ್ಣು ಸುರಿದು ಹೋಗುತ್ತಾನೆ. ಏರಿಯಣ್ಣ ಅದನ್ನು ಅಗೆದ ಗುಂಡಿಗೆ ತುಂಬಿ, ತುಳಿದು ಗಟ್ಟಿ ಮಾಡಿ, ಡ್ಯೂಟಿಗೆ ಓಡುತ್ತಾರೆ.

ಇಲ್ಲಿ ಎಲ್ಲ ರೈಲಿಗೂ ಒಂದೇ ದಾರಿ. ಗೂಡ್ಸ್ ಬಂತೆಂದರೆ ಜನರ ರೈಲು ಪಕ್ಕಕ್ಕೆ ಸರಿದು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಕಲ್ಲಿದ್ದಲು ಲಾಭ ತರುತ್ತದೆ, ಮನುಷ್ಯರ ಟಿಕೆಟ್ಟಿನಿಂದ ಖರ್ಚೂ ಹುಟ್ಟುವುದಿಲ್ಲ, ಅದಕ್ಕೇ ಈ ಮರ್ಯಾದೆ! ಜನರ ರೈಲಿಗೇ ಬೇರೆ ಹಳಿ ಎಂದು ಹಿಂದೊಮ್ಮೆ ರೈಲ್ವೆಯವರು ಮಣ್ಣಿನ ಏರಿ ಹಾಕಿದರು. ದುಡ್ಡು ಮುಗಿಯಿತು, ಗುದ್ದಲಿ ಹೆಗಲಿಗೇರಿಸಿ ನಡೆದರು.

ಜನರ ರೈಲನ್ನು ಪಕ್ಕಕ್ಕೆ ಸರಿಸುವ ಕೆಲಸ ಏರಿಯಣ್ಣನದೇ. ಮೇಲಿನ ಊರಿಗೆ ಕೊಟ್ಟ ಮಗಳು ಅದೇ ರೈಲಿನಲ್ಲಿ ಬಟ್ಟೆ ಕಾರ್ಖಾನೆಗೆ ಹೋಗುತ್ತಾಳೆ. ಇನ್ನೊಮ್ಮೆ ತಡವಾದರೆ ಬರಲೇಬೇಡ ಎಂದಿದ್ದಾನೆ ಅಲ್ಲಿಯ ಸೂಪರ್‌ವೈಸರ್.

"ಅಪ್ಪಾ, ಕೆಲಸ ಹೋದ್ರೆ ಗಂಟುಮೂಟೆ ಕಟ್ಕೊಂಡು ನಿಮ್ಮನೇಗೇ ಬರ್ತೀನಿ, ನೀವೇ ಸಾಕಿ!" ಪಕ್ಕಕ್ಕೆ ನಿಂತ ರೈಲಿನ ಕಿಟಕಿಯಿಂದ ಅವಳ ಕೂಗು.

"ನಿಮ್ಮಮ್ಮನ್ನ ಸಾಕೋದ್ರಲ್ಲೇ ಸುಸ್ತಾಗಿದೀನಿ ಮಾರಾಯ್ತಿ!" ನಗುತ್ತಾರೆ, ಕಣ್ಣು ಮಾತ್ರ ಗೂಡ್ಸ್ ಬರುವ ದಿಕ್ಕಿನಲ್ಲೇ.

ಈಗ ಕೊಂಚ ಹಣ ಬಂದಿದೆ. ಏರಿ ಉಳಿದಿರುವ ಕಡೆ ಮೊದಲು ಹಳಿ ಎಂದು ಎಂಜಿನಿಯರುಗಳು ಅಳೆಯುತ್ತಾ ಬಂದರು. ಬೇರೆ ಊರುಗಳಲ್ಲಿ ಅದು ಇಟ್ಟಿಗೆಯಾಗಿ ಯಾರ್ಯಾರದೋ ಗೋಡೆ ಸೇರಿತ್ತು. ಇಲ್ಲಿ ಮುಳ್ಳುಪೊದೆ ಕೂಡ ಇರಲಿಲ್ಲ. ರಜೆಯ ದಿನವೆಲ್ಲ ಏರಿಯಣ್ಣನಿಗೆ ಅದನ್ನು ಕಡಿಯುವುದೇ ಕೆಲಸ.

"ಮತ್ತೆ ಮಣ್ಣು ಹಾಕೋ ಖರ್ಚು ಉಳೀತು, ಇಲ್ಲಿಂದಲೇ ಶುರು ಮಾಡೋಣ ಅಂದ್ರು ದೊಡ್ಡೋರು" ಎನ್ನುತ್ತಾ ಏರಿಯಣ್ಣ ಸ್ಟೇಷನ್ನಿನ ಕೋಣೆಯಲ್ಲಿ ಚಹಾ ಲೋಟ ಕೆಳಗಿಡುತ್ತಾರೆ. "ನನಗಿನ್ನೇನು ಬೇಕು? ನನ್ನ ಮಗಳ ರೈಲು ನನ್ನ ಸ್ಟೇಷನ್ನಲ್ಲಿ ನಿಲ್ಲದೆ ಹೋಗ್ಬೇಕು. ಕೈ ಬೀಸೋಕೂ ಪುರುಸೊತ್ತು ಕೊಡ್ಬಾರ್ದು."

ಅಷ್ಟರಲ್ಲಿ ಬಾಗಿಲಾಚೆ ಕಣ್ಣು ಬಿತ್ತು.

"ಥೂ, ಯಾರ್ದೋ ಎಮ್ಮೆ ಏರಿ ಹತ್ತಿದೆ, ಕುಸಿದುಬಿಡುತ್ತೆ!"

ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಚಹಾ ಆರಿತು. ಅವರು ಮರಳಿ ಬರಲಿಲ್ಲ; ಎಮ್ಮೆ ಅಟ್ಟಿ, ಏರಿಯ ಮೇಲೇ ಮಣ್ಣು ತುಳಿಯುತ್ತಾ ಉಳಿದರು.