ಸೋಮವಾರದ ರಜೆ

ಇಸಾಬುರೊ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಹಿತ್ತಲಲ್ಲಿ ಮೂಲಂಗಿ ತೊಳೆಯುತ್ತಿದ್ದಾಗ. ತೊಮಿ ಅತ್ತೆ ಸಂಬಂಧ ತಂದಿದ್ದಳು. ಹುಡುಗನಿಗೆ ಒಸಾಕಾದಲ್ಲಿ ಸ್ವಂತ ಕ್ಷೌರದಂಗಡಿ, ಕುಡಿತವಿಲ್ಲ.

“ಒಂದೇ ಕೊರತೆ ಕಣೇ, ಊರಿಗೆಲ್ಲ ಭಾನುವಾರ ರಜೆ ಆದ್ರೆ ಕ್ಷೌರದೋರಿಗೆ ಸೋಮವಾರ. ಗಂಡನ ಜೊತೆ ತಿರುಗಾಡೋಕೆ ಹೋದ್ರೆ ಬೀದೀಲಿ ನೀವಿಬ್ರೇ.”

ನೂಕುನುಗ್ಗಲು ಇರುವುದಿಲ್ಲವಲ್ಲ ಎಂದು ಒಪ್ಪಿಕೊಂಡೆ.

ಮದುವೆಯಾದ ಮೇಲೆ ಗೊತ್ತಾಯಿತು, ಅವರು ಹುಟ್ಟಾ ಎಡಚರು. ಕೆಲಸ ಕಲಿಸಿದ ಯಜಮಾನ ಆ ಎಡಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಬಿಗಿದು ಬಲಗೈಗೆ ಕತ್ತಿ ಹಿಡಿಸಿದ್ದನಂತೆ. ಗಿರಾಕಿಗಳ ಮುಂದೆ ಬಲಗೈ. ಬಾಗಿಲು ಹಾಕಿಕೊಂಡು ತಮ್ಮ ಗಡ್ಡ ತಾವೇ ಹೆರೆದುಕೊಳ್ಳುವಾಗ ಮಾತ್ರ ಎಡಗೈ. ನಾನು ಕಂಡರೆ ಕದ್ದು ತಿನ್ನುವವರ ಹಾಗೆ ನಾಚುತ್ತಿದ್ದರು.

ಒಂದು ದಿನ ಗಿರಾಕಿ ಮಿಯೊಷಿ ಮೇಷ್ಟ್ರು ಕುರ್ಚಿಯಲ್ಲಿ ಕೂತು, ಸಂಗ್ರಹಾಲಯದಲ್ಲಿ ಕೋಣೆಗೆ ಅಡ್ಡ ನಿಲ್ಲಿಸುವಂಥ, ಮುನ್ನೂರು ವರ್ಷ ಹಳೆಯ ಮಡಿಸುವ ತೆರೆಯೊಂದನ್ನು ನೋಡಿದೆ, ಅದರಲ್ಲಿ ಪೇಟೆಯ ಬೀದಿಯ ಚಿತ್ರವಿದೆ, ಮೂಲೆಯಲ್ಲೊಬ್ಬ ಕ್ಷೌರಿಕ ಎಡಗೈಯಲ್ಲಿ ಕತ್ತಿ ಹಿಡಿದಂತಿದೆ ಎಂದರು. ನಮ್ಮವರ ಕೈ ನಿಂತುಬಿಟ್ಟಿತು. ಅಂದಿನಿಂದ ಅದೇ ಧ್ಯಾನ. ತಮ್ಮಂಥವನೊಬ್ಬ ಮುನ್ನೂರು ವರ್ಷದ ಹಿಂದೆಯೂ ಇದ್ದನೇ ಎಂದು ಕಣ್ಣಾರೆ ನೋಡಬೇಕು.

ಆದರೆ ಸಂಗ್ರಹಾಲಯಕ್ಕೂ ಸೋಮವಾರವೇ ರಜೆ. ಆ ತೆರೆಯನ್ನು ಜನರಿಗೆ ನೋಡಲು ಇಡುವುದೋ ಶರತ್ಕಾಲದಲ್ಲಿ ಕೆಲವೇ ವಾರ. ಒಂದು ದಿನ ಅಂಗಡಿ ಮುಚ್ಚಿ ಅಂದರೆ, ಗಿರಾಕಿ ಬಂದು ತಿರುಗಿ ಹೋದರೆ ಹೇಗೆ ಅನ್ನುತ್ತಿದ್ದರು.

ಒಂದು ವರ್ಷ ಆ ವಾರಗಳಲ್ಲೇ ಒಂದು ಸೋಮವಾರ ಸರ್ಕಾರಿ ರಜೆ ಬಂತು. ಅಂಥ ದಿನ ಜನ ತಲೆ ಕೊಡಲು ಬರುತ್ತಾರೆಂದು ಅಂಗಡಿ ತೆರೆದರು, ಬದಲಿಗೆ ಮಂಗಳವಾರ ಮುಚ್ಚಿದರು. ಮದುವೆಯ ಕೋಟು ತೊಟ್ಟರು. ನಾನು ಅನ್ನದುಂಡೆ ಕಟ್ಟಿಕೊಂಡೆ. ರೈಲಿಳಿದು ಹೋದರೆ ಗೇಟು ಮುಚ್ಚಿತ್ತು.

“ನಿನ್ನೆ ಸರ್ಕಾರಿ ರಜೆ ಅಂತ ತೆರೆದಿದ್ವಿ,” ಎಂದ ಕಾವಲುಗಾರ, “ಅದಕ್ಕೆ ಬದಲು ಇವತ್ತು ಮುಚ್ಚಿದ್ದೀವಿ.”

ಇವರು ಅವನನ್ನೇ ದಿಟ್ಟಿಸಿದರು. “ನಾವೂ ಹಾಗೇನೇ ಮಾಡಿದ್ವಪ್ಪ. ಅದಿರ್ಲಿ, ನಿನ್ನ ಕತ್ತಿನ ಹಿಂದೆ ಕೂದಲು ಸೊಟ್ಟ ಇದೆ. ಯಾರು ಕತ್ತರಿಸಿದ್ದು?”

“ಹೆಂಡತಿ.”

“ಹಾಗಾದ್ರೆ ಏನೂ ಅನ್ಬೇಡ.”

ಉದ್ಯಾನದಲ್ಲಿ ಕೂತು ಅನ್ನದುಂಡೆ ತಿಂದೆವು. ಅವರು ನಗುತ್ತಲೇ ಇದ್ದರು, ಒಂದು ಉಂಡೆಯನ್ನೂ ಪೂರ್ತಿ ತಿನ್ನಲಿಲ್ಲ. ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಮೊಣಕಾಲು ನೋವು, ಆಮೇಲೆ ನೆರೆಯವರ ಮದುವೆ, ಆಮೇಲೆ ಮತ್ತೇನೋ. ಅಂಗಡಿ ನಿಂತ ಮೇಲೆ ಎಲ್ಲ ದಿನವೂ ರಜೆಯೇ ಆಯಿತು, ಅಷ್ಟರಲ್ಲಿ ಅವರು ಆಸ್ಪತ್ರೆ ಸೇರಿದ್ದರು.

ಕೊನೆಗೆ ಆ ತೆರೆಯನ್ನು ನೋಡಿದವಳು ನಾನು, ಒಬ್ಬಳೇ. ಕ್ಷೌರಿಕ ಹೆಬ್ಬೆರಳಿನಷ್ಟೂ ಇಲ್ಲ, ಗಾಜಿಗೆ ಮೂಗು ತಾಗಿಸಿ ಹುಡುಕಿದೆ. ಎಡಗೈಯೇ. ಆಸ್ಪತ್ರೆಗೆ ಓಡುತ್ತಾ ಬಂದೆ, ಕೇಳಿಸಿಕೊಳ್ಳಲು ಅವರು ಉಳಿದಿರಲಿಲ್ಲ.

ಹಿಂದಿನ ದಿನ, ಗುರುವಾರ, ಕಿತ್ತಳೆ ಸುಲಿದು ಕೊಡುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದು ಕೇಳಿದ್ದರು:

“ನಾಳೆ ನೀನೇ ಹೋಗಿ ಯಾವ ಕೈ ಅಂತ ನೋಡ್ಕೊಂಡು ಬಾರೇ. ಬಲಗೈ ಆಗಿದ್ರೆ ಬಲಗೈ ಅಂತಾನೇ ಹೇಳು. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ.”